ಕಾಲು ಮುಂದಾಗಿ ಹುಟ್ಟಿದವಳು

ನಾನು ಕಾಲು ಮುಂದಾಗಿ ಹುಟ್ಟಿದವಳು. ಅದು ನನ್ನ ಸಾಧನೆಯೇನಲ್ಲ. ಆದರೂ ಶಕ್ತಿನಗರದ ನಮ್ಮ ಓಣಿಯಲ್ಲಿ ನನಗಿದ್ದ ಮರ್ಯಾದೆಯೆಲ್ಲ ಅದರಿಂದಲೇ. ಅಂಥವರ ಕಾಲು ತಾಗಿದರೆ ಉಳುಕು ಹೋಗುತ್ತದೆಂದು ನಂಬಿಕೆ. ಬೆನ್ನು ಹಿಡಿದುಕೊಂಡವರು ಬಂದು ಜಗಲಿಯಲ್ಲಿ ಬೋರಲು ಮಲಗುತ್ತಿದ್ದರು. ನಾನು ಒಲೆ ಸಣ್ಣ ಮಾಡಿ ಬಂದು, ಹೆಬ್ಬೆರಳು ತಾಗಿಸಿ ಒಳಗೆ ಹೋಗುತ್ತಿದ್ದೆ. ವಾಸಿಯಾಗದವರು ಮತ್ತೆ ಬರುತ್ತಿರಲಿಲ್ಲವಾದ್ದರಿಂದ ನನ್ನ ಹೆಸರು ಕೆಡಲಿಲ್ಲ.

ನನ್ನ ಗಂಡ ಮಾತ್ರ ಒಪ್ಪಿದವರಲ್ಲ. ಹೆಂಡತಿಯ ಕಾಲು ಮೈಗೆ ತಾಗುವುದು ಅವರಿಗೆ ಮಾನದ ಪ್ರಶ್ನೆ. ಅವರ ನಂಬಿಕೆ ಸೆಲೂನಿನ ಮೇಲೆ. ಕೂದಲು ಕತ್ತರಿಸಿದ ಮೇಲೆ ತಲೆಯನ್ನು ಎರಡೂ ಕಡೆ ತಿರುಗಿಸಿ ಲಟಕ್ಕೆನ್ನಿಸದಿದ್ದರೆ ಕೆಲಸ ಅರ್ಧವಾಯಿತೆಂದು ಗೊಣಗುತ್ತಿದ್ದರು.

ಹಾಗೆ ಲಟಕ್ಕೆನ್ನಿಸಿಕೊಂಡು ಬಂದ ಒಂದು ದಿನ ಬಲಗಡೆ ಕುತ್ತಿಗೆ ನೋವು ಹಿಡಿಯಿತು. ಮರುದಿನ ತಲೆನೋವೂ ಸೇರಿತು, ಬಲಗಣ್ಣಿನ ರೆಪ್ಪೆ ಸ್ವಲ್ಪ ಜೋತಿತ್ತು. ನಿದ್ದೆ ಸಾಲದೆಂದು ಇಬ್ಬರೂ ತೀರ್ಮಾನಿಸಿದೆವು. ಕೊನೆಗೆ ಅವರೇ ಕೋಣೆಯ ಬಾಗಿಲು ಹಾಕಿ, ಚಾಪೆಯಲ್ಲಿ ಬೋರಲು ಮಲಗಿದರು.

"ಬೇಗ ತಾಗಿಸು ಮಾರಾಯ್ತಿ. ಅಮ್ಮ ನೋಡಿದರೆ ಕಷ್ಟ ಉಂಟು."

ಕುತ್ತಿಗೆಗೆ ತಾಗಿಸಿದೆ. ಎದ್ದು ಚಹಾದ ಲೋಟ ಹಿಡಿದರು. ಅದು ಎಡಗೈಯಿಂದ ಜಾರಿತು. ಏನೋ ಹೇಳಹೊರಟರು, ನಾಲಿಗೆ ತೊದಲಿತು. ಬಾಗಿಲು ತೆರೆದು ಅತ್ತೆಯನ್ನು ಕೂಗಿದೆ. ಅವರಿಗೆ ಮೊದಲು ಕಂಡದ್ದು ಚಾಪೆ.

ರಿಕ್ಷಾ ಹಿಡಿದು ಕಂಕನಾಡಿಯ ಆಸ್ಪತ್ರೆಗೆ ಹೋದೆವು. ಸ್ಕ್ಯಾನ್ ನೋಡಿದ ಡಾಕ್ಟರ್, ಮಿದುಳಿಗೆ ಹೋಗುವ ಕುತ್ತಿಗೆಯ ರಕ್ತನಾಳದ ಒಳಪದರ ಹರಿದಿದೆ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೆ ಹೋಗಿ ಸ್ಟ್ರೋಕ್ ಆಗಿದೆ ಎಂದರು.

"ಕುತ್ತಿಗೆಗೆ ಎಂತ ಮಾಡಿದ್ದು?"

ಅತ್ತೆ ನನ್ನ ಕಾಲು ನೋಡಿದರು. ನಾನೂ ನೋಡಿದೆ. ಇವರು ಉಳಿಯದಿದ್ದರೆ ಈ ಕಾಲಿನ ಮೇಲೆ ಹೇಗೆ ನಿಲ್ಲುವುದೆಂದು ಹೆದರಿಕೆಯಾಯಿತು. ಸೆಲೂನು, ಹೆಬ್ಬೆರಳು ಎರಡನ್ನೂ ಹೇಳಿದೆ.

"ಹೆಬ್ಬೆರಳು ತಾಗಿ ಹರಿಯುವುದಲ್ಲ ಅಮ್ಮ. ತಲೆ ತಿರುಗಿಸಿದಾಗ ಹರಿದಿರಬಹುದು. ರೆಪ್ಪೆ ಜೋತಾಗಲೇ ಬರಬೇಕಿತ್ತು," ಎಂದರು ಡಾಕ್ಟರ್.

ಗಂಡ ಉಳಿದರು. ಮಾತು ನಿಧಾನಕ್ಕೆ ಮರಳಿತು. ಎಡಗೈಗೆ ಮಾತ್ರ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಜಗಲಿಗೆ ಬಂದವರನ್ನೆಲ್ಲ ನಾನು ಡಾಕ್ಟರ ಹತ್ತಿರ ಕಳಿಸತೊಡಗಿದೆ.

ಒಂದು ಬೆಳಿಗ್ಗೆ ಅತ್ತೆ ಎದುರಿಗೇ ಕೂತಿದ್ದಾಗ, ಗಂಡ ಆ ಕೈಯನ್ನು ನೆಲದ ಮೇಲೆ ಚಾಚಿ, "ಕಾಲಿಡು," ಎಂದರು.

"ಅಮ್ಮ ನೋಡ್ತಿದ್ದಾರೆ."

"ನೋಡಲಿ."

ಮೆಲ್ಲಗೆ ಇಟ್ಟೆ. ಅವರು ಬಹಳ ಹೊತ್ತು ಯೋಚಿಸಿದರು.

"ತಣ್ಣಗುಂಟು," ಎಂದರು.

ನನಗೆ ಅಳು ಬಂತು. ಪಾತ್ರೆ ತೊಳೆದು ಬಂದಿದ್ದೆ, ಕಾಲು ಒದ್ದೆಯಾಗಿತ್ತು.