ಸಿಟ್ಟು ಬಂದರೆ ಮೆತ್ತಗಾಗುತ್ತಿದ್ದ ಗಿರಿಜೆ

ಆಗ ನನಗೆ ಐವತ್ತಾರು. ಇಪ್ಪತ್ತು ವರ್ಷದ ಹಿಂದಿನ ಮಾತು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ನನಗೆ ಸಿಟ್ಟು ಬಂದರೆ ಊರಿಗೆಲ್ಲ ಕೇಳುತ್ತದೆ. ಗಿರಿಜೆಗೆ ಬಂದರೆ ದನಿ ಇಳಿಯುತ್ತಿತ್ತು, ಕೂಸು ಮಲಗಿಸುವವಳ ಹಾಗೆ. ಹಿರೇಕೊಡಿಗೆಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಬೇಲಿ. ಇಬ್ಬರೂ ಒಂದೇ ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗುತ್ತಿದ್ದೆವು. ಒಂದು ದಿನ ತೋಟದ ಲೆಕ್ಕ ಬರೆಯುವ ರೈಟರು ಅವಳ ಕೈ ಹಿಡಿದ. ನಾನು ಬಾಯಿ ತೆಗೆಯುವುದರೊಳಗೆ ಅವಳು ಮೆಲ್ಲಗೆ, "ರೈಟ್ರೇ, ಈ ಕತ್ತಿ ನಿನ್ನೆ ಮಸೆದಿದ್ದು" ಅಂದಳು. ಅವನು ಮತ್ತೆ ನಮ್ಮ ಗಿಡದ ಸಾಲಿಗೇ ಬರಲಿಲ್ಲ.

ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದ ಗಿರಿಜೆಯ ಗಂಡ, ಮಗಳು ತನಗೆ ಬೇಕೆಂದು ಕೊಪ್ಪದ ಕೋರ್ಟಿಗೆ ಹಾಕಿದ. ಇವಳು ಕೂಸನ್ನು ಉಪವಾಸ ಕೆಡವಿ ಊರು ತಿರುಗುತ್ತಾಳೆ ಅಂತ ಸಾಕ್ಷಿ ಹೇಳಲು ನಿಂತವನು ಯಾರು? ನಮ್ಮ ತಿಮ್ಮಪ್ಪ. ದಿನಾ ಬೆಳಿಗ್ಗೆ ನನ್ನ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುವವನು. ಆ ಕೂಸನ್ನೇ ಎತ್ತಿ ಆಡಿಸಿದವನು.

ವಕೀಲರನ್ನು ಇಡುವ ತಾಕತ್ತಿಲ್ಲದೆ ಗಿರಿಜೆ ತಾನೇ ನಿಂತಳು. ತಿಮ್ಮಪ್ಪನ ಹೇಳಿಕೆಯನ್ನು ಬೆರಳಿಟ್ಟು ಓದಿ ನನಗೆ ಹೇಳಿದಳು. ಅದರಲ್ಲಿ ಅವಳ ನಡತೆಗೂ ಮಸಿ ಬಳಿದಿದ್ದ.

"ಬಾಯಿಗೆ ಬಂದ ಹಾಗೆ ಬೈದು ಬಾ" ಅಂದೆ.

"ಸುಳ್ಳು ಅಂತ ಕೂಗಿದ್ರೆ ಅವನೂ ಕೂಗ್ತಾನೆ, ಅಕ್ಕ. ನನ್ನ ಮಾನದ ಮಾತು ಹಾಳಾಗಿ ಹೋಗ್ಲಿ. ಕೂಸಿನ ಮಾತೊಂದು ಹಿಡೀತೀನಿ."

ಕೋರ್ಟಿನಲ್ಲಿ ತಿಮ್ಮಪ್ಪ ಬಾಯಿಪಾಠ ಒಪ್ಪಿಸಿದ. ಹಿಂದಿನ ವರ್ಷ ಚೌತಿಯ ದಿನ ಪ್ರಸಾದಕ್ಕೆ ಅಂತ ಇವಳ ಮನೆಗೆ ಹೋಗಿದ್ದನಂತೆ. ಇವಳು ಇರಲಿಲ್ಲವಂತೆ. ಕೂಸೊಂದೇ ಹಸಿದು ಅಳುತ್ತಿತ್ತಂತೆ. ನಾನು ಹಲ್ಲು ಕಚ್ಚಿ ಕೂತೆ. ಅವನ ದಾಯಾದಿಗಳೂ ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಗಿರಿಜೆ ಎದ್ದಳು. ದನಿ ಪೂರಾ ಇಳಿದಿತ್ತು.

"ತಿಮ್ಮಣ್ಣ, ಆ ವರ್ಷ ನಿಮ್ಮನೇಲಿ ಚೌತಿ ಮಾಡಿದ್ರಾ?"

"ಎಲ್ಲಿ ಮಾಡೋದು? ಗೌರಿ ಹಬ್ಬದ ದಿನಾನೇ ಚಿಕ್ಕಪ್ಪ ಹೋದ್ರಲ್ಲ."

"ಹಂಗಾರೆ ಮಾರನೇ ದಿನ, ಸೂತಕದಲ್ಲೇ, ನಮ್ಮನೆ ಗಣಪತಿ ಪ್ರಸಾದಕ್ಕೆ ಬಂದ್ರಾ?"

"ಛೆ! ಎಂತ ಮಾತಾಡ್ತೀಯ! ಸೂತಕದಲ್ಲಿ ಪೂಜೆ ಮನೆ ಮೆಟ್ಟಿಲು ಹತ್ತೋರ ನಾವು?"

ಹಿಂದೆ ಕೂತ ದಾಯಾದಿಗಳಿಗೂ ಕೇಳಲಿ ಅಂತ ಜೋರಾಗಿ ಅಂದವನೇ ಬಾಯಿ ಮುಚ್ಚಿದ. ಜಡ್ಜರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಹೇಳಿಕೊಟ್ಟವರಿಗೆ ಇವನ ಮನೆಯ ಸೂತಕ ಗೊತ್ತಿರಲಿಲ್ಲ. ಬಾಯಿಪಾಠ ಮಾಡುವಾಗ ಈ ಕತ್ತೆಗೂ ನೆನಪಾಗಿರಲಿಲ್ಲ. ಗಿರಿಜೆ ಮುಂದೆ ಒಂದೂ ಕೇಳದೆ ಕೂತಳು.

ಬಸ್‌ಸ್ಟ್ಯಾಂಡಿನಲ್ಲಿ ತಿಮ್ಮಪ್ಪ ಹಲ್ಲುಕಿರಿಯುತ್ತ ಬಂದ. "ನಿನ್ನ ಗಂಡ ಹೇಳು ಅಂದ, ನಾ ಹೇಳ್ದೆ. ಬೇಜಾರ್ ಮಾಡ್ಕಬೇಡ ಮಾರಾಯ್ತಿ."

"ನನ್ನ ಕೂಸು ಹೋಗ್ತಿತ್ತು, ತಿಮ್ಮಣ್ಣ" ಅಂದಳು ಗಿರಿಜೆ. ಅಷ್ಟೇ.

ಮಗಳು ಅವಳ ಹತ್ತಿರವೇ ಉಳಿದಳು. ಗಿರಿಜೆ ಸತ್ತು ನಾಲ್ಕು ವರ್ಷವಾಯಿತು. ಆ ಮಗಳೇ ಬೆಂಕಿ ಇಟ್ಟಳು. ಬೇಲಿಯಾಚೆ ಈಗ ಮೆತ್ತಗೆ ಮಾತಾಡುವವರು ಯಾರೂ ಇಲ್ಲ.

ಅವಳ ಹಾಗೆ ಸಿಟ್ಟು ನುಂಗುವುದು ನನಗೆ ಬರಲಿಲ್ಲ. ಕೋರ್ಟಿನ ಮಾರನೇ ಬೆಳಿಗ್ಗೆ ತಿಮ್ಮಪ್ಪ ಎಂದಿನಂತೆ ಎಲೆಯಡಿಕೆಗೆ ಬಂದ. ನಾನು ಜಗಲಿಗೆ ಸಗಣಿ ನೀರು ಹುಯ್ದು ತಿಕ್ಕುತ್ತಿದ್ದೆ.

"ಎಂತ ಅಕ್ಕ, ಸೂತಕ ಕಳೆದ ಹಂಗೆ ತೊಳೀತಿದೀಯ? ಯಾರು ಹೋದ್ರು?"

"ನೀನು" ಅಂದೆ. ಅವನು ಕೂರುತ್ತಿದ್ದ ಜಾಗಕ್ಕೆ ಇನ್ನೊಂದು ಚೊಂಬು ಹುಯ್ದೆ.