ಪೆನಾಂಗಿನಲ್ಲಿ ಅಕ್ಕನ ಪರವಾಗಿ ರುಚಿ ನೋಡಿದ್ದು

ಆ ವರ್ಷ ಅಕ್ಕನಿಗೆ ಒಂದು ಜ್ವರ ಬಂದು ಹೋಗಿತ್ತು. ವಾರದಲ್ಲಿ ಮೈ ಸುಧಾರಿಸಿತು, ಮೂಗು ಸುಧಾರಿಸಲಿಲ್ಲ. ಉಪ್ಪು, ಹುಳಿ, ಸಿಹಿ ನಾಲಿಗೆಗೆ ತಿಳಿಯುತ್ತಿತ್ತು. ಇಂಗು, ಕರಿಬೇವು, ತುಪ್ಪ ಮಾತ್ರ ಇದ್ದೂ ಇಲ್ಲದಂತಾದವು. ಅವಳಿರುವ ಟೆಕ್ಸಾಸಿನ ಪ್ಲೇನೋದಲ್ಲಿ ನಮ್ಮವರ ಮನೆಗಳಲ್ಲಿ ಏನೇ ಸಮಾರಂಭವಾದರೂ ಅಡುಗೆಗೆ ಮೊದಲು ಕರೆಯುತ್ತಿದ್ದದ್ದು ಅವಳನ್ನೇ. ಅಂಥವಳು ಒಗ್ಗರಣೆ ಸೀದರೂ ಗೊತ್ತಾಗದೆ ಒಲೆಯ ಮುಂದೆ ನಿಂತಿರುತ್ತಿದ್ದಳು. "ಇಂಗು ಸಾಕೇನೇ?" ಎಂದು ಮಗಳನ್ನು ಕೇಳಿದರೆ, "ಇಟ್ಸ್ ಫೈನ್, ಅಮ್ಮ" ಎಂದಷ್ಟೇ ಉತ್ತರ. ಕ್ರಮೇಣ ಕೇಳುವುದನ್ನೂ ಬಿಟ್ಟಳು.

ನಾನಿರುವುದು ಅದೇ ರಾಜ್ಯದ ಆಸ್ಟಿನ್‌ನಲ್ಲಿ, ಕಂಪ್ಯೂಟರ್ ಚಿಪ್ ಮಾಡುವ ಕಂಪನಿಯ ಕೆಲಸ. ಅದರ ಟೆಸ್ಟಿಂಗ್ ಫ್ಯಾಕ್ಟರಿ ಮಲೇಷ್ಯಾದ ಪೆನಾಂಗಿನಲ್ಲಿದೆ. ಎರಡು ವಾರ ಅಲ್ಲಿಗೆ ಹೋಗಬೇಕೆಂದಾಗ, ಕೊನೆಗೆ ನಾಲ್ಕು ದಿನ ರಜೆ ಸೇರಿಸಿ ಅಕ್ಕನನ್ನೂ ಬಾ ಎಂದೆ.

"ತಿನ್ನೋದಕ್ಕೇ ಹೆಸರಾದ ಊರು ಅಂತೀಯಾ. ವಾಸನೆ ಇಲ್ದೋಳು ಅಲ್ಲಿ ಬಂದು ಏನೇ ಮಾಡ್ಲಿ?" ಎಂದಳು.

ಮರುದಿನ ಭಾವ ಅವಳನ್ನು ಕೇಳದೆಯೇ ಟಿಕೆಟ್ ಬುಕ್ ಮಾಡಿ ನನಗೆ ಮೆಸೇಜ್ ಕಳಿಸಿದರು. ಅವರಿಗೆ ನಾನು ಇವತ್ತಿಗೂ ಋಣಿ.

ಮೊದಲ ದಿನ ಚೆನ್ನಾಗಿ ಕಳೆಯಲಿಲ್ಲ. ಸಮುದ್ರದ ಕಡೆಗಿನ ಹಳೇ ಪೇಟೆಯಲ್ಲಿ ಅಂಗಡಿಗಳ ಮುಂದೆ ಉದ್ದಕ್ಕೂ ಜಗಲಿ. ಅದರ ನೆರಳಲ್ಲೇ ಬೀದಿಯಿಂದ ಬೀದಿಗೆ ನಡೆಯಬಹುದು. ಅಗರಬತ್ತಿ, ಒಣಮೀನು, ಮಲ್ಲಿಗೆ ದಂಡೆ, ಎಲ್ಲದರ ವಾಸನೆ ಒಟ್ಟಿಗೇ ನುಗ್ಗುತ್ತಿತ್ತು. ಅಕ್ಕ ಮಾತ್ರ ಗಾಜಿನ ಹಿಂದಿನಿಂದ ನೋಡುವವಳ ಹಾಗೆ ನಡೆದಳು. ತೆಂಗಿನ ಹಾಲು, ತಾಳೆ ಬೆಲ್ಲ, ಶಾವಿಗೆಯಂಥ ಹಸಿರು ಎಳೆಗಳನ್ನು ಐಸಿಗೆ ಹಾಕಿ ಕೊಡುವ ಚೆಂಡೋಲ್ ಎಂಬ ಸಿಹಿಯನ್ನು ಒಂದು ಚಮಚ ಬಾಯಿಗಿಟ್ಟ ನಾನು, "ಅಕ್ಕಾ, ಅದ್ಭುತ!" ಎಂದುಬಿಟ್ಟೆ.

ಅವಳು ಚಮಚ ಕೆಳಗಿಟ್ಟಳು. "ಅದ್ಭುತ ಅಂದ್ರೆ ನನಗೇನೇ ಗೊತ್ತಾಗತ್ತೆ? ಯಾವ ಥರ ಇದೆ ಅದನ್ನ ಹೇಳು."

ಹೇಳಲು ಹೋದರೆ ನನಗೆ ಬರಲಿಲ್ಲ. ಇಪ್ಪತ್ತು ವರ್ಷ ಅವಳ ಕೈಯಡುಗೆ ಉಂಡಿದ್ದೇನೆ, ಒಂದು ತುತ್ತಿಗೂ ಗಮನ ಕೊಟ್ಟಿರಲಿಲ್ಲ ಎಂದು ಅಲ್ಲಿ ಕೂತು ನಾಚಿಕೆಯಾಯಿತು. ಕಣ್ಣು ಮುಚ್ಚಿ ಇನ್ನೊಂದು ಚಮಚ ತಿಂದೆ. "ಹಸಿರು ಎಳೆ ಇದ್ಯಲ್ಲ, ಅದರಲ್ಲಿ ಅನ್ನದ ವಾಸನೆ ಇದೆ. ಒಳ್ಳೇ ಸಣ್ಣಕ್ಕಿ ಬೇಯಿಸಿ ಮುಚ್ಚಳ ತೆಗೆದಾಗ ಬರತ್ತಲ್ಲ, ಹಾಗೆ. ಬೆಲ್ಲ ಸ್ವಲ್ಪ ಹೊಗೆ ಹೊಗೆ."

ಅಕ್ಕ ತಾನೂ ಒಂದು ಚಮಚ ತೆಗೆದುಕೊಂಡು ನಿಧಾನವಾಗಿ ಚಪ್ಪರಿಸಿದಳು. "ಹೂಂ. ಈಗ ಹೇಳಿದ್ದು ಸರಿಯಾಗಿದೆ" ಎಂದಳು.

ಅಲ್ಲಿಂದ ಮುಂದೆ ಅದೇ ನನ್ನ ಕೆಲಸವಾಯಿತು. ಬೆಳಗ್ಗೆ ಮಾರ್ಕೆಟ್ಟಿನಲ್ಲಿ ತಮಿಳು ಆಂಟಿಯೊಬ್ಬರು ಪುಟ್ಟ ಪುಟ್ಟ ಬಾಣಲೆಗಳಲ್ಲಿ ಅಪ್ಪ ಹುಯ್ಯುತ್ತಿದ್ದರು. ಅಂಚು ಗರಿಗರಿ, ನಡುವೆ ಮೆತ್ತಗೆ. ಆ ಗರಿಗರಿ ಅಕ್ಕನಿಗೆ ಸಿಗುತ್ತಿತ್ತು. ಹುದುಗಿದ ಹಿಟ್ಟಿನ ಹುಳಿವಾಸನೆಯನ್ನು ನಾನು ಹೇಳುತ್ತಿದ್ದೆ. ಇಬ್ಬರೂ ಸೇರಿ ಒಂದು ಅಪ್ಪ ತಿಂದಂತಾಗುತ್ತಿತ್ತು. ಎರಡನೇ ದಿನ ಡ್ಯೂರಿಯನ್ ಹಣ್ಣಿನ ಗಾಡಿಯ ಮುಂದೆ ನಾನು ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡು ನಿಂತೆ. ಅಕ್ಕ ಹಾಯಾಗಿ ನಾಲ್ಕು ತೊಳೆ ತಿಂದಳು.

"ಬೆಣ್ಣೆ ಥರ ಇದೆ ಕಣೇ. ನೀನ್ಯಾಕೆ ಹಂಗೆ ಮುಖ ಮಾಡ್ತಿದ್ದೀಯಾ?"

"ಕೊಳೆತ ಈರುಳ್ಳಿ ಅಕ್ಕಾ! ಚರಂಡಿ!"

ಅವಳು ನಕ್ಕಳು. ಜ್ವರ ಬಂದ ಮೇಲೆ ಅವಳು ಹಾಗೆ ಹೊಟ್ಟೆ ಹಿಡಿದು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೂರನೇ ದಿನ ಜಾಯಿಕಾಯಿ ಮಾರುವ ಚಿಕ್ಕ ಅಂಗಡಿಯೊಂದನ್ನು ಹೊಕ್ಕೆವು. ನಮ್ಮೂರು ಮೈಸೂರಿನಲ್ಲಿ ಮಗುವಿಗೆ ತೇಯ್ದು ನೆಕ್ಕಿಸುವ ಒಣ ಬೀಜವನ್ನಷ್ಟೇ ನಾವು ಕಂಡಿದ್ದು. ಅಂಗಡಿಯ ಚೀನೀ ಅಜ್ಜ ಹಳದಿ ಹಣ್ಣೊಂದನ್ನು ಕೊಯ್ದು ತೋರಿಸಿದರು: ಒಳಗೆ ಕಂದು ಬೀಜ, ಅದರ ಸುತ್ತ ಕೆಂಪು ಬಲೆಯ ಹಾಗೆ ಜಾಪತ್ರೆ. ಆಮೇಲೆ ಜಾಯಿಕಾಯಿ ಎಣ್ಣೆಯನ್ನು ಒಂದು ತೊಟ್ಟು ಅಕ್ಕನ ಮುಂಗೈಗೆ ಹಚ್ಚಿದರು. ಅವಳು ಮರ್ಯಾದೆಗೆಂದು ಮೂಗಿನ ಹತ್ತಿರ ಒಯ್ದಳು. ಒಯ್ದ ಕೈ ಅಲ್ಲೇ ನಿಂತಿತು.

"ತಡಿ ತಡಿ" ಎಂದಳು.

"ಏನಾಯ್ತಕ್ಕಾ?"

"ಜಾಯಿಕಾಯಿ ಕಣೇ. ಬರ್ತಿದೆ." ಕೈಯನ್ನು ನನ್ನ ಮುಖಕ್ಕೆ ಹಿಡಿದಳು. "ನೋಡು, ನಿಜವಾಗ್ಲೂ ಇದ್ಯಾ, ಇಲ್ಲಾ ನನಗೆ ಹಾಗನಿಸ್ತಿದ್ಯಾ?"

"ಇದೆ ಅಕ್ಕಾ. ಜೋರಾಗೇ ಇದೆ."

ಅವಳ ಕಣ್ಣಲ್ಲಿ ನೀರು ನೋಡಿ ಅಜ್ಜ ಗಾಬರಿಯಾದರು. ಎಣ್ಣೆ ಉರಿಯಿತೆಂದುಕೊಂಡು ಸ್ಟೂಲ್ ತಂದು ಕೂರಿಸಿ, ಒರೆಸಲು ಬಟ್ಟೆ ಹುಡುಕಿದರು. ನಾನು ಇಂಗ್ಲಿಷಿನಲ್ಲಿ ಸಂಗತಿ ವಿವರಿಸಿದೆ. ಎಷ್ಟು ಅರ್ಥವಾಯಿತೋ, ಅಕ್ಕನ ಇನ್ನೊಂದು ಕೈಯನ್ನೂ ಹಿಡಿದು ಅದಕ್ಕೂ ಎಣ್ಣೆ ಹಚ್ಚಿದರು.

ಆ ವಾಸನೆ ಹತ್ತು ನಿಮಿಷವೂ ಉಳಿಯಲಿಲ್ಲ. ಹೋಟೆಲಿಗೆ ಬಂದು, ಕೊಂಡುತಂದ ಎಣ್ಣೆಯ ಸೀಸೆ ತೆರೆದು ಅಕ್ಕ ಮೂಸಿದರೆ ಏನೂ ಇಲ್ಲ. ನನಗೆ ಅಳು ಬಂತು. ಅಕ್ಕನೇ ನನ್ನನ್ನು ಸಮಾಧಾನ ಮಾಡಿದಳು: "ಒಂದ್ಸಲ ಬಂತಲ್ಲೇ. ಬಾಗಿಲು ಪೂರ್ತಿ ಮುಚ್ಚಿಲ್ಲ ಅಂತ ಗೊತ್ತಾಯ್ತು. ಸಾಕು."

ಟೆಕ್ಸಾಸಿಗೆ ಮರಳಿದ ಮೇಲೆ ವಾಸನೆಗಳು ಒಂದೊಂದಾಗಿ, ತಮಗೆ ಬೇಕಾದಾಗ ಬಂದವು. ಮೊದಲು ಕರಿಬೇವು, ತಿಂಗಳುಗಳ ನಂತರ ತುಪ್ಪ. ಕಾಫಿ ಬಹಳ ದಿನ ಸುಟ್ಟ ರಬ್ಬರಿನಂತೆ ನಾರುತ್ತಿತ್ತಂತೆ. ಈಗಲೂ ಪೂರ್ತಿ ಸರಿಹೋಗಿಲ್ಲ. ಅವಳು ಟೀ ಕುಡಿಯುವುದು ರೂಢಿ ಮಾಡಿಕೊಂಡಿದ್ದಾಳೆ.

ನಾನು ತಿಂಗಳಿಗೊಮ್ಮೆ ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಅವಳ ಮನೆಗೆ ಹೋಗುತ್ತೇನೆ. ಮೊದಲಾದರೆ ಫೋನ್ ನೋಡುತ್ತಾ ಉಂಡು ಏಳುತ್ತಿದ್ದೆ. ಈಗ ಅಡುಗೆಮನೆಯಲ್ಲಿ ಅವಳ ಪಕ್ಕ ನಿಂತು, ಅವಳು ಅಂಗೈಗೆ ಹಾಕಿದ ಸಾರನ್ನು ನಿಧಾನವಾಗಿ ಕುಡಿದು, ತೋಚಿದ್ದನ್ನು ಹೇಳುತ್ತೇನೆ. ಅವಳು ತಲೆಯಾಡಿಸಿ ಇನ್ನೊಂದು ಚಿಟಿಕೆ ಏನನ್ನೋ ಹಾಕುತ್ತಾಳೆ. ಇಷ್ಟು ವರ್ಷ ಉಂಡ ಊಟಕ್ಕೆ ಈ ವಯಸ್ಸಿನಲ್ಲಾದರೂ ಎದುರು ನಿಂತು ಥ್ಯಾಂಕ್ಸ್ ಹೇಳುವ ಅವಕಾಶ ಸಿಕ್ಕಿತಲ್ಲ ಎಂದು ನನಗೆ ಸಂತೋಷ.