ಮೆಮೊರಿಗೆ ಹಾಕಿದ ಬೇಲಿ

ಬಡವನಹಳ್ಳಿಯ ಜೆರಾಕ್ಸ್ ಅಂಗಡಿಯ ಪ್ರಭುದೇವ್ ಹವ್ಯಾಸಕ್ಕೆಂದು ಸ್ವಂತ ಆಪರೇಟಿಂಗ್ ಸಿಸ್ಟಂ ಬರೆದಿದ್ದ. ಅದರಲ್ಲಿ ಒಂದು ಪ್ರೋಗ್ರಾಂ ಕೆಟ್ಟರೆ ಇಡೀ ಕಂಪ್ಯೂಟರೇ ನಿಂತುಬಿಡುತ್ತಿತ್ತು. ಮಧುಗಿರಿಯಲ್ಲಿದ್ದ ಅವನ ಚಿಕ್ಕಪ್ಪನ ಮಗಳು ಲೋಹಿತಾಳೂ ಅಂಥದ್ದೊಂದು ಬರೆದಿದ್ದಳು; ಅದರಲ್ಲಿ ಹಾಗಾಗುತ್ತಿರಲಿಲ್ಲ. ಒಂದು ಪ್ರೋಗ್ರಾಂನ ಮೆಮೊರಿಗೆ ಇನ್ನೊಂದು ಕೈಹಾಕದಂತೆ ಅವಳು ಬೇಲಿ ಹಾಕಿದ್ದಳು. ನೆಂಟರೆಲ್ಲ ಅವಳನ್ನು ಹೊಗಳಿದಾಗ ಪ್ರಭುದೇವನ ಹೊಟ್ಟೆ ಉರಿಯಿತು.

ಅವಳ ಮನೆಗೇ ಹೋಗಿ, "ನಾನು ಕಂಪ್ಯೂಟರಿಗೆ ಬರ್ದಿರೋ ಚೌಕಾಬಾರ ಆಟ ನಿನ್ ಸಿಸ್ಟಂನಲ್ಲಿ ಓಡ್ಸು ನೋಡಾನ," ಎಂದ. ಆ ಆಟ ಕಂಡಕಂಡ ಮೆಮೊರಿಗೆಲ್ಲ ನುಗ್ಗುತ್ತದೆಂದು ಅವನಿಗೆ ಗೊತ್ತಿತ್ತು. ಬೇಲಿ ತಡೆಯಿತು, ಆಟ ನಿಂತಿತು. ತನ್ನಲ್ಲಿ ಓಡುವ ಆಟ ಅವಳದರಲ್ಲಿ ಓಡಲಿಲ್ಲವೆಂದು ಅವನು ಒಳಗೊಳಗೇ ಹಿಗ್ಗುತ್ತ ಊರಿಗೆ ಬಂದ.

ವಾರ ಕಳೆದ ಮೇಲೆ ಲೋಹಿತಾ ಫೋನ್ ಮಾಡಿದಳು. "ಅಣ್ಣಾ, ನಿನ್ನ ಆಟಕ್ಕೆ ಅಂತ್ಲೇ ಮೆಮೊರೀಲಿ ಬೇರೆ ಜಾಗ ಮಾಡಿದೀನಿ. ಈಗ ಚೆನ್ನಾಗಿ ಓಡ್ತೈತೆ."

"ಒಳ್ಳೇದಾಯ್ತು ಕಣಮ್ಮ," ಎಂದ ಪ್ರಭುದೇವ್. ತನ್ನ ಸಿಸ್ಟಂನಲ್ಲೇ ಆಗಾಗ ಕೈಕೊಡುತ್ತಿದ್ದ ಆಟ ಅವಳದರಲ್ಲಿ ನಿಲ್ಲದೆ ಓಡುತ್ತಿದೆಯೆಂದು ನೆನೆದು, ಅವತ್ತು ಅವನಿಗೆ ಊಟ ಸೇರಲಿಲ್ಲ.